ಡಾಲಿ ಪಾರ್ಟನ್ ಅವರ 'ಕೋಟ್ ಆಫ್ ಮೆನಿ ಕಲರ್ಸ್' ಆಲ್ಬಂ ಅನ್ನು ಮತ್ತೆ ಕೇಳುವುದು ಹೇಗೆ?

'ಜೋಲೀನ್' ಹಾಡಿನ ಮೂಲಕ ಅಮೆರಿಕದ ಗಾಯಕಿ ಡಾಲಿ ಪಾರ್ಟನ್ ಅವರನ್ನು ಪರಿಚಯ ಮಾಡಿಕೊಂಡ ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಬರುತ್ತಲೇ ಇದೆ. ಅವರ 1971ರ 'ಕೋಟ್ ಆಫ್ ಮೆನಿ ಕಲರ್ಸ್' ಆಲ್ಬಂ ಅನ್ನು, ಅಮೆರಿಕದ ಹಳ್ಳಿಗಾಡಿನ ಜನಪದದಿಂದ ಬೆಳೆದ ಕಂಟ್ರಿ ಸಂಗೀತದ ಶ್ರೇಷ್ಠ ಕೃತಿಗಳ ಸಾಲಿಗೆ ಸೇರಿಸುತ್ತಾರಲ್ಲ, ನಾವೂ ಕೇಳಿದೆವು. ಮೊದಲ ಹಾಡು ಹಿಡಿಸಿತು, ಉಳಿದವು ಕಿವಿಯ ಮೇಲೆ ಹಾದು ಹೋದವು. ಇದರಲ್ಲಿ ಅಷ್ಟು ದೊಡ್ಡದೇನಿದೆ, ಇದನ್ನು ಹೇಗೆ ಕೇಳಬೇಕು ಎಂಬುದು ಆ ಪ್ರಶ್ನೆಯ ಸಾರ. ಈ ಲೇಖನ ಅದಕ್ಕೆ ಉತ್ತರ.

ಮೊದಲೇ ಹೇಳಿಬಿಡುತ್ತೇನೆ: ಇದನ್ನು ಗಾಯಕಿಯೊಬ್ಬರ ಆಲ್ಬಂ ಎಂದುಕೊಂಡು ಕೇಳಿದರೆ ಅರ್ಧ ಮಾತ್ರ ಸಿಗುತ್ತದೆ. ಇದು ಮೊದಲಿಗೆ ಬರಹಗಾರ್ತಿಯೊಬ್ಬರ ಆಲ್ಬಂ. ನಮ್ಮ ಚಿತ್ರಗೀತೆಯಲ್ಲಾಗಲಿ, ಭಾವಗೀತೆಯಲ್ಲಾಗಲಿ ಸಾಹಿತ್ಯ ಒಬ್ಬರದು, ರಾಗ ಸಂಯೋಜನೆ ಇನ್ನೊಬ್ಬರದು, ದನಿ ಮತ್ತೊಬ್ಬರದು ಎಂಬ ವ್ಯವಸ್ಥೆಗೆ ನಮ್ಮ ಕಿವಿ ಒಗ್ಗಿಹೋಗಿದೆ. ಹಾಗಾಗಿ ಹೊಸ ಹಾಡು ಕೇಳಿದ ಕೂಡಲೇ ನಾವು ದನಿಯನ್ನೂ ಧಾಟಿಯನ್ನೂ ತೂಗುತ್ತೇವೆ. ಇಲ್ಲಿ ಹತ್ತರಲ್ಲಿ ಏಳು ಹಾಡುಗಳಿಗೆ ಮಾತು, ಧಾಟಿ, ದನಿ ಮೂರೂ ಒಬ್ಬರವೇ. ಎರಡೂವರೆ, ಮೂರು ನಿಮಿಷದೊಳಗೆ ಒಂದು ಕಥೆಯನ್ನು ಯಾರ ಬಾಯಲ್ಲಿ ಹೇಳಿಸಬೇಕು, ಏನನ್ನು ಹೇಳದೆ ಬಿಡಬೇಕು ಎಂಬ ತೀರ್ಮಾನಗಳಲ್ಲಿಯೇ ಈ ಆಲ್ಬಮ್ಮಿನ ಶಕ್ತಿ ಇದೆ. ಮುಂದಿನ ಹಂತಗಳೆಲ್ಲವೂ ಆ ತೀರ್ಮಾನಗಳನ್ನು ಕೇಳಿಸಿಕೊಳ್ಳುವುದಕ್ಕೆ ಮಾಡಿಕೊಂಡ ದಾರಿ.

ಬೇಕಾಗುವುದು

ಇಡೀ ಆಲ್ಬಂ ಸುಮಾರು 27 ನಿಮಿಷದ್ದು. ಆದ್ದರಿಂದ ಒಮ್ಮೆಗೆ ಅರ್ಧ ಗಂಟೆಯ ಬಿಡುವು ಸಾಕು, ಆದರೆ ಆ ಅರ್ಧ ಗಂಟೆ ಬೇರೆ ಕೆಲಸದ ಜೊತೆ ಹಂಚಿಕೊಂಡದ್ದಾಗಿರಬಾರದು. ಸಾಧಾರಣ ಬೆಲೆಯ ಹೆಡ್‌ಫೋನ್ ಅಥವಾ ಒಂದು ಸ್ಪೀಕರ್ ಇರಲಿ. ಫೋನಿನದೇ ಸಣ್ಣ ಸ್ಪೀಕರಿನಲ್ಲಿ ಬೇಸ್ ಗಿಟಾರ್, ಹಿಂದೆ ಮೆಲ್ಲಗೆ ಸೇರಿಕೊಳ್ಳುವ ಕಂಠಗಳು ಬಹುಪಾಲು ಮಾಯವಾಗುತ್ತವೆ, ಮುಂದೆ ಆರನೆಯ ಹಂತದಲ್ಲಿ ನಮಗೆ ಅವು ಬೇಕಾಗುತ್ತವೆ. ಹಾಡುಗಳ ಸಾಹಿತ್ಯವನ್ನು ಹುಡುಕಿ ಇಟ್ಟುಕೊಳ್ಳಿ, ಆದರೆ ನಾಲ್ಕನೆಯ ಹಂತದವರೆಗೆ ತೆರೆಯಬೇಡಿ. ಪೂರ್ವ ಟೆನೆಸ್ಸಿಯ ಗುಡ್ಡಗಾಡಿನ ಇಂಗ್ಲಿಷ್ ಉಚ್ಚಾರಣೆ ನಮಗೆ ಅಪರಿಚಿತವಾದ್ದರಿಂದ ಮೊದಲ ಸಲ ಕೆಲವು ಸಾಲುಗಳು ತಿಳಿಯುವುದಿಲ್ಲ. ಅದರಿಂದ ತೊಂದರೆಯೇನೂ ಇಲ್ಲ. ಪಾಶ್ಚಾತ್ಯ ಸಂಗೀತದ ಶಾಸ್ತ್ರಜ್ಞಾನ ಬೇಡವೇ ಬೇಡ.

ಹಂತ 1: ಸರಿಯಾದ ಆವೃತ್ತಿಯನ್ನು ಗುರುತಿಸಿಕೊಳ್ಳಿ

ಹೆಚ್ಚಿನವರು ಎಡವುವುದು ಇಲ್ಲೇ. ಡಾಲಿ ಪಾರ್ಟನ್ ಅವರ ಹೆಸರಿನಲ್ಲಿ ಆಯ್ದ ಹಾಡುಗಳ ಸಂಕಲನಗಳು ಲೆಕ್ಕವಿಲ್ಲದಷ್ಟಿವೆ, ಶೀರ್ಷಿಕೆ ಗೀತೆ, ಅಂದರೆ ಈ ಆಲ್ಬಮ್ಮಿನ ಹೆಸರನ್ನೇ ಹೊತ್ತ ಹಾಡು, ಅವುಗಳಲ್ಲಿ ಬಹಳಷ್ಟರಲ್ಲಿ ಸೇರಿದೆ. ಮ್ಯೂಸಿಕ್ ಆ್ಯಪಿನಲ್ಲಿ ಹಾಡಿನ ಹೆಸರು ಹುಡುಕಿದರೆ ಸಂಕಲನವೋ, ವೇದಿಕೆಯ ಧ್ವನಿಮುದ್ರಣವೋ ಮೊದಲು ಎದುರಾಗಬಹುದು. ಹಾಡನ್ನಲ್ಲ, ಆಲ್ಬಂ ಅನ್ನೇ ಹುಡುಕಿ. ಇಸವಿ 1971 ಎಂದಿರಬೇಕು. ಮೊದಲ ಹಾಡು 'ಕೋಟ್ ಆಫ್ ಮೆನಿ ಕಲರ್ಸ್', ಹತ್ತನೆಯದು 'ಎ ಬೆಟರ್ ಪ್ಲೇಸ್ ಟು ಲಿವ್' ಆಗಿರಬೇಕು.

ಕೆಲವು ಕಡೆ ಹದಿನಾಲ್ಕು ಹಾಡುಗಳು ಕಾಣುತ್ತವೆ. 2007ರಲ್ಲಿ ಈ ಆಲ್ಬಂ ರೀಮಾಸ್ಟರ್ ಆಗಿ, ಅಂದರೆ ಮೂಲ ಟೇಪಿನ ಧ್ವನಿಯನ್ನು ಇಂದಿನ ಸಾಧನಗಳಿಗೆ ತಕ್ಕಂತೆ ಶುದ್ಧಗೊಳಿಸಿ, ಮತ್ತೆ ಹೊರಬಂದಾಗ ನಾಲ್ಕು ಬೋನಸ್ ಟ್ರ್ಯಾಕ್‌ಗಳನ್ನು ಸೇರಿಸಲಾಯಿತು. ಬೋನಸ್ ಟ್ರ್ಯಾಕ್ ಎಂದರೆ ಮೂಲದಲ್ಲಿ ಇಲ್ಲದ, ಮರುಬಿಡುಗಡೆಯ ಹೊತ್ತಿಗೆ ಕೊನೆಯಲ್ಲಿ ಜೋಡಿಸಿದ ಹಾಡು. ಮೊದಲ ಸುತ್ತಿನಲ್ಲಿ ಹತ್ತನೆಯ ಹಾಡಿಗೇ ನಿಲ್ಲಿಸಿ. ಆ ನಾಲ್ಕರಲ್ಲಿ 'ಮೈ ಬ್ಲೂ ಟಿಯರ್ಸ್' ಹಾಡಿನ ಡೆಮೊ ಒಂದಿದೆ. ಸ್ಟುಡಿಯೋ ಮುದ್ರಣಕ್ಕೆ ಮೊದಲು ಕರಡಿನಂತೆ ಹಾಡಿ ಇಟ್ಟುಕೊಳ್ಳುವುದಕ್ಕೆ ಡೆಮೊ ಎನ್ನುತ್ತಾರೆ. ಅದು ಆಮೇಲೆ ಉಪಯೋಗಕ್ಕೆ ಬರುತ್ತದೆ.

ಹಾಡುಗಳನ್ನು ಹಿಂದುಮುಂದಾಗಿ ನುಡಿಸುವ ಶಫಲ್ ಸೌಲಭ್ಯವನ್ನು ನಿಲ್ಲಿಸಿ, ಹಾಡುಗಳ ಕ್ರಮ ಕೆಡಬಾರದು. ಆಲ್ಬಂ ಮುಗಿದ ಮೇಲೆ ಬೇರೆ ಹಾಡುಗಳನ್ನು ತಾನೇ ನುಡಿಸುವ ಆಟೋಪ್ಲೇ ಸೌಲಭ್ಯವನ್ನೂ ನಿಲ್ಲಿಸಿ. ಇದು ಮೂಲದಲ್ಲಿ ಎಲ್‌ಪಿ, ಅಂದರೆ ಎರಡು ಬದಿಯ ದೊಡ್ಡ ರೆಕಾರ್ಡು. ಒಂದು ಬದಿಗೆ ಐದು ಹಾಡು. ಆ್ಯಪಿನಲ್ಲಿ ಕೇಳುವವರೂ ಐದನೆಯ ಹಾಡಿನ ನಂತರ ಒಂದು ನಿಮಿಷ ನಿಲ್ಲಿಸುವುದು ಒಳ್ಳೆಯದು, ಏಕೆಂದರೆ ಎರಡನೆಯ ಬದಿ ಹೊಸದಾಗಿ ಆರಂಭವಾಗುವ ಹಾಗೆಯೇ ಜೋಡಣೆಯಾಗಿದೆ. ಹಳೆಯ ರೆಕಾರ್ಡನ್ನೇ ಕೊಳ್ಳಬೇಕೆನ್ನುವವರು ಆರ್‌ಸಿಎ ವಿಕ್ಟರ್ ಕಂಪನಿಯ ಎಲ್‌ಎಸ್‌ಪಿ-4603 ಎಂಬ ಸಂಖ್ಯೆಯನ್ನು ನೋಡಿಕೊಳ್ಳಿ. ಹೊದಿಕೆಯ ಮೇಲೆ ಬಣ್ಣಬಣ್ಣದ ಕೋಟು ತೊಟ್ಟ ಪುಟ್ಟ ಹುಡುಗಿಯ ವರ್ಣಚಿತ್ರವಿರುತ್ತದೆ.

ಹಂತ 2: ಹಿನ್ನೆಲೆಯನ್ನು ಬೇಕಾದಷ್ಟೇ ತಿಳಿಯಿರಿ

ಡಾಲಿ ಹುಟ್ಟಿದ್ದು 1946ರ ಜನವರಿ 19ರಂದು, ಟೆನೆಸ್ಸಿ ರಾಜ್ಯದ ಪೂರ್ವಭಾಗದಲ್ಲಿ ಸ್ಮೋಕಿ ಪರ್ವತಗಳ ತಪ್ಪಲಿನ ಸೆವಿಯರ್ ಕೌಂಟಿಯಲ್ಲಿ. ಹನ್ನೆರಡು ಮಕ್ಕಳಲ್ಲಿ ನಾಲ್ಕನೆಯವರು. ತಂದೆ ಲೀ ಪಾರ್ಟನ್ ಬೇರೆಯವರ ಹೊಲವನ್ನು ಪಾಲಿಗೆ ಮಾಡಿ, ಮುಂದೆ ಸ್ವಂತದ ಸಣ್ಣ ಹಿಡುವಳಿಯಲ್ಲಿ ತಂಬಾಕು ಬೆಳೆದವರು. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ತಾಯಿ ಏವಿ ಲೀ ಹಳೆಯ ಕಥನಗೀತೆಗಳನ್ನು ಹಾಡುತ್ತಿದ್ದವರು. 1964ರಲ್ಲಿ ಹೈಸ್ಕೂಲು ಮುಗಿದ ಮರುದಿನವೇ ಡಾಲಿ ಕಂಟ್ರಿ ಸಂಗೀತದ ರಾಜಧಾನಿಯಾದ ನ್ಯಾಶ್ವಿಲ್‌ಗೆ ಹೊರಟರು.

ಆಲ್ಬಂ ಅರ್ಥವಾಗುವುದಕ್ಕೆ ತೀರಾ ಬೇಕಾದ ಸಂಗತಿ ಇದರ ಮುಂದಿನದು. 1967ರಲ್ಲಿ ಅವರು ಪೋರ್ಟರ್ ವ್ಯಾಗನರ್ ಎಂಬ ಜನಪ್ರಿಯ ಗಾಯಕನ ಟಿವಿ ಕಾರ್ಯಕ್ರಮಕ್ಕೆ ಸೇರಿದರು. ಕಾರ್ಯಕ್ರಮ ಅವನದು, ಬಸ್ಸು ಅವನದು, ತಂಡ ಅವನದು. ಡಾಲಿ ಅಲ್ಲಿ ಜೊತೆಗಾಯಕಿ. ಧ್ವನಿಮುದ್ರಣಗಳ ನಿರ್ಮಾಪಕರೆಂದು ಬಾಬ್ ಫರ್ಗುಸನ್ ಅವರ ಹೆಸರಿದ್ದರೂ ವ್ಯಾಗನರ್ ಅವರ ಮಾತು ಸ್ಟುಡಿಯೋದಲ್ಲಿ ನಡೆಯುತ್ತಿತ್ತು. 1971ರ ಆರಂಭದಲ್ಲಿ 'ಜೋಶುವಾ' ಎಂಬ ಹಾಡು ಡಾಲಿಗೆ ಕಂಟ್ರಿ ಹಾಡುಗಳ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನವನ್ನು ತಂದುಕೊಟ್ಟಿತು. ಅದೇ ವರ್ಷದ ಅಕ್ಟೋಬರಿನಲ್ಲಿ ನಮ್ಮ ಆಲ್ಬಂ ಬಂತು. 1974ರಲ್ಲಿ ಅವರು ವ್ಯಾಗನರ್ ಅವರ ಕಾರ್ಯಕ್ರಮವನ್ನು ಬಿಟ್ಟು ಹೊರಬಂದರು. ಆ ವಿದಾಯಕ್ಕೆಂದು ಬರೆದದ್ದೇ ಮುಂದೆ ಜಗತ್ತೆಲ್ಲ ಹಾಡಿದ 'ಐ ವಿಲ್ ಆಲ್ವೇಸ್ ಲವ್ ಯೂ'. ಹಾಗಾಗಿ 'ಕೋಟ್ ಆಫ್ ಮೆನಿ ಕಲರ್ಸ್' ಕೇಳುವಾಗ, ಇದು ತನ್ನದೇ ದಾರಿ ಹಿಡಿಯುವ ಮೊದಲು ಇನ್ನೊಬ್ಬರ ನೆರಳಿನಲ್ಲಿದ್ದ 25 ವರ್ಷದ ಬರಹಗಾರ್ತಿಯ ಕೆಲಸ ಎಂಬುದು ನೆನಪಿರಲಿ. ಆಲ್ಬಮ್ಮಿನಲ್ಲಿ ಡಾಲಿ ಬರೆಯದ ಮೂರು ಹಾಡುಗಳು ವ್ಯಾಗನರ್ ಬರೆದವು.

ಇಲ್ಲಿಗೆ ಸಾಕು. ಇದಕ್ಕಿಂತ ಹೆಚ್ಚಿನ ಜೀವನಚರಿತ್ರೆಯನ್ನು ಕೇಳುವ ಮೊದಲೇ ಓದಿದರೆ 'ಬಡತನದಿಂದ ಸಿರಿತನಕ್ಕೆ' ಎಂಬ ಸಿದ್ಧ ಕಥೆಯೊಂದು ತಲೆಯಲ್ಲಿ ಕೂತುಬಿಡುತ್ತದೆ. ಆಮೇಲೆ ಹಾಡು ಹೇಳುವುದನ್ನು ಬಿಟ್ಟು ನಾವು ಆ ಕಥೆಯನ್ನೇ ಕೇಳುತ್ತಿರುತ್ತೇವೆ.

ಹಂತ 3: ಒಮ್ಮೆ ಪೂರ್ತಿಯಾಗಿ ಕೇಳಿ

ಸಾಹಿತ್ಯ ನೋಡದೆ, ಹಿಂದೆ ಮುಂದೆ ಓಡಿಸದೆ, ಹತ್ತೂ ಹಾಡುಗಳನ್ನು ಕ್ರಮವಾಗಿ ಕೇಳಿ. ಪ್ರತಿ ಹಾಡಿಗೂ ಮೂರೇ ಪ್ರಶ್ನೆ ಹಾಕಿಕೊಳ್ಳಿ: ಮಾತಾಡುತ್ತಿರುವವರು ಯಾರು? ಯಾರಿಗೆ ಹೇಳುತ್ತಿದ್ದಾರೆ? ವಿಷಯ ಇದು ಎಂದು ನಿಮಗೆ ತಿಳಿದದ್ದು ಹಾಡಿನ ಯಾವ ಹಂತದಲ್ಲಿ? ಉತ್ತರವನ್ನು ಎರಡು ಮೂರು ಪದಗಳಲ್ಲಿ ಗುರುತು ಹಾಕಿಕೊಂಡರೆ ಸಾಕು. ಕೆಲವಕ್ಕೆ ಉತ್ತರ ಸಿಗದಿದ್ದರೆ ಖಾಲಿ ಬಿಡಿ.

ಹಾಡು ಹಿಡಿಸಿತೋ ಇಲ್ಲವೋ ಎಂಬ ತೀರ್ಪನ್ನು ಈಗಲೇ ಕೊಡಬೇಡಿ. ಹತ್ತರಲ್ಲಿ ಎಂಟು ಹಾಡುಗಳು ಮೂರು ನಿಮಿಷವನ್ನೂ ಮುಟ್ಟುವುದಿಲ್ಲ. ನಮಗೆ ಒಂದು ಹಾಡು ಪರಿಚಯವಾಗುವಷ್ಟರಲ್ಲಿ ಅದು ಮುಗಿದಿರುತ್ತದೆ. ಓದುಗರು ಹೇಳುವ 'ಕಿವಿಯ ಮೇಲೆ ಹಾದು ಹೋಯಿತು' ಎಂಬ ಅನುಭವಕ್ಕೆ ದೊಡ್ಡ ಕಾರಣ ಇದೇ ಎಂದು ನನ್ನ ಅಭಿಪ್ರಾಯ.

ಹಂತ 4: ಶೀರ್ಷಿಕೆ ಗೀತೆಯನ್ನು ಸಾಹಿತ್ಯದೊಂದಿಗೆ ಬಿಡಿಸಿ ನೋಡಿ

ಇನ್ನೊಂದು ದಿನ ಈ ಒಂದೇ ಹಾಡಿಗೆ ಕುಳಿತುಕೊಳ್ಳಿ. ಹೆಚ್ಚಿನ ಸಮಯವನ್ನು ಇಲ್ಲಿಯೇ ಕಳೆಯಬೇಕು.

ಕಥೆ ಸರಳ. ಯಾರೋ ಒಂದು ಪೆಟ್ಟಿಗೆ ತುಂಬ ಬಟ್ಟೆಯ ಚೂರುಗಳನ್ನು ಕೊಟ್ಟಿದ್ದಾರೆ. ಚಳಿಗಾಲ ಹತ್ತಿರ ಬಂದಿದೆ, ಹುಡುಗಿಗೆ ಕೋಟಿಲ್ಲ. ಅಮ್ಮ ಆ ಚೂರುಗಳನ್ನು ಒಂದಕ್ಕೊಂದು ಜೋಡಿಸಿ, ಉತ್ತರ ಕರ್ನಾಟಕದ ಅಜ್ಜಿಯರು ಹಳೆಯ ಸೀರೆ-ಧೋತರದ ತುಂಡುಗಳಿಂದ ಕೌದಿ ಹೊಲಿಯುವ ಹಾಗೆ, ಕೋಟು ಹೊಲಿಯುತ್ತಾಳೆ. ಹೊಲಿಯುತ್ತಲೇ ಬೈಬಲ್ಲಿನ ಯೋಸೇಫನ ಕಥೆ ಹೇಳುತ್ತಾಳೆ. ಹುಡುಗಿ ಹೆಮ್ಮೆಯಿಂದ ಅದನ್ನು ತೊಟ್ಟು ಶಾಲೆಗೆ ಓಡುತ್ತಾಳೆ. ಅಲ್ಲಿ ಮಕ್ಕಳು ನಗುತ್ತಾರೆ. ಅವಳು ವಿವರಿಸಿ ಹೇಳುತ್ತಾಳೆ. ಅವರಿಗೆ ಅರ್ಥವಾಗುವುದಿಲ್ಲ.

ಈಗ ಗಮನಿಸಬೇಕಾದವು. ಮೊದಲನೆಯದು ಯೋಸೇಫನ ಕಥೆ. ಬೈಬಲ್ಲಿನ ಆದಿಕಾಂಡದಲ್ಲಿ ಯಾಕೋಬನು ತನ್ನ ಮುದ್ದಿನ ಮಗ ಯೋಸೇಫನಿಗೆ ವಿಶೇಷವಾದ ಅಂಗಿಯೊಂದನ್ನು ಮಾಡಿಸಿ ಕೊಡುತ್ತಾನೆ. ಅದನ್ನು ಕಂಡು ಅಣ್ಣಂದಿರಿಗೆ ಹೊಟ್ಟೆಕಿಚ್ಚು. ಅವರು ಅವನ ಅಂಗಿಯನ್ನು ಕಿತ್ತುಕೊಂಡು, ಗುಂಡಿಗೆ ತಳ್ಳಿ, ಕೊನೆಗೆ ಐಗುಪ್ತಕ್ಕೆ ಹೋಗುವ ವರ್ತಕರಿಗೆ ಮಾರಿಬಿಡುತ್ತಾರೆ. ಹಾಡಿನ ಅಮ್ಮ ಆ ಅಂಗಿ ನಿನಗೆ ಶುಭ ತರಲಿ ಎಂಬ ಭಾಗವನ್ನಷ್ಟೇ ಎತ್ತಿಕೊಳ್ಳುತ್ತಾಳೆ. ಮೂಲ ಕಥೆ ಬಲ್ಲ ಕೇಳುಗನಿಗೆ ಮಾತ್ರ, ಪ್ರೀತಿಯ ಗುರುತಾಗಿ ಬಂದ ಬಟ್ಟೆಯೇ ಸಂಕಟವನ್ನೂ ತರುತ್ತದೆ ಎಂಬುದು ಆ ಕ್ಷಣದಲ್ಲೇ ಹೊಳೆಯುತ್ತದೆ. ಶಾಲೆಯ ದೃಶ್ಯ ಇನ್ನೂ ಬಂದಿಲ್ಲ, ಅದರ ಸೂಚನೆ ಆಗಲೇ ಸಿಕ್ಕಿದೆ. ಡಾಲಿ ಇದನ್ನು ವಿವರಿಸುವುದಿಲ್ಲ. ಟೆನೆಸ್ಸಿಯ ತಮ್ಮ ಕೇಳುಗರಿಗೆ ಬೈಬಲ್ ಗೊತ್ತು ಎಂಬ ನಂಬಿಕೆಯಿಂದ ಬರೆದಿದ್ದಾರೆ. ನಮ್ಮಲ್ಲಿ ಆ ಕಥೆಯ ಪರಿಚಯವಿಲ್ಲದವರು ಹಾಡಿಗೆ ಮುನ್ನ ಆದಿಕಾಂಡದ 37ನೆಯ ಅಧ್ಯಾಯವನ್ನು ಓದಿಕೊಳ್ಳುವುದು ಒಳ್ಳೆಯದು. ಹತ್ತು ನಿಮಿಷದ ಓದು.

ಎರಡನೆಯದು, ಈ ಹಾಡಿನೊಳಗೆ ಕಥೆ ಹೇಳುವ ಕೆಲಸ ಮತ್ತೆ ಮತ್ತೆ ನಡೆಯುತ್ತದೆ. ಅಮ್ಮ ಮಗಳಿಗೆ ಹೇಳುತ್ತಾಳೆ, ಮಗಳು ನಂಬುತ್ತಾಳೆ. ಮಗಳು ಅದೇ ಕಥೆಯನ್ನು ಶಾಲೆಯ ಮಕ್ಕಳಿಗೆ ಹೇಳುತ್ತಾಳೆ, ಅವರು ನಂಬುವುದಿಲ್ಲ. ಈಗ ಬೆಳೆದು ದೊಡ್ಡವಳಾದ ಅವಳೇ ನಮಗೆ ಹೇಳುತ್ತಿದ್ದಾಳೆ. ಶಾಲೆಯಲ್ಲಿ ಸೋತುಹೋದ ಮಾತನ್ನು ಅವಳು ಹಾಡಾಗಿಸಿ ಇನ್ನೊಮ್ಮೆ ಹೇಳುತ್ತಿದ್ದಾಳೆ ಎಂದು ತಿಳಿದ ಮೇಲೆ, ಆ ಮೃದುವಾದ ದನಿಯ ಕೆಳಗಿರುವ ಹಟ ಕೇಳಿಸತೊಡಗುತ್ತದೆ. ಮಕ್ಕಳಿಗೆ ಕೊನೆಗೂ ಅರ್ಥವಾಯಿತು, ಅವರು ಕ್ಷಮೆ ಕೇಳಿದರು ಎಂದು ಮುಗಿಸುವುದು ಸುಲಭವಾಗಿತ್ತು. ಡಾಲಿ ಹಾಗೆ ಮಾಡಿಲ್ಲ.

ಮೂರನೆಯದು, ಬಿಟ್ಟ ವಿವರ. ನಿಜವಾಗಿ ನಡೆದದ್ದು ಹಾಡಿನಲ್ಲಿ ಇರುವುದಕ್ಕಿಂತ ಕ್ರೂರವಾಗಿತ್ತೆಂದು ಡಾಲಿ ನಂತರದ ವರ್ಷಗಳಲ್ಲಿ ಹೇಳಿಕೊಂಡಿದ್ದಾರೆ: ಮಕ್ಕಳು ಕೋಟನ್ನು ಎಳೆದಾಡಿದರು, ಡಾಲಿಯನ್ನು ಕತ್ತಲೆಯ ಸಣ್ಣ ಕೋಣೆಯೊಂದರಲ್ಲಿ ಕೂಡಿಹಾಕಿದರು. ಹಾಡಿನಲ್ಲಿ ಇದರ ಸುಳಿವೂ ಇಲ್ಲ, ಕೇವಲ ನಗು ಇದೆ. ಕತ್ತಲೆ ಕೋಣೆ ಒಳಗೆ ಬಂದಿದ್ದರೆ ಕೇಳುಗನ ಮನಸ್ಸೆಲ್ಲ ಆ ಮಕ್ಕಳ ಮೇಲಿನ ಸಿಟ್ಟಿಗೆ ಹೋಗುತ್ತಿತ್ತು. ಕೋಟೂ ಅಮ್ಮನೂ ಹಿಂದೆ ಸರಿಯುತ್ತಿದ್ದರು. ಬರವಣಿಗೆ ಕಲಿಯುವ ಯಾರಿಗೇ ಆದರೂ ಈ ಒಂದು ಆಯ್ಕೆ ದೊಡ್ಡ ಪಾಠ.

ಹಾಡು ಬರೆದ ಕಾಗದದ ಸಂಗತಿಯೂ ಪ್ರಸಿದ್ಧ. 1969ರಲ್ಲಿ ವ್ಯಾಗನರ್ ಅವರ ಬಸ್ಸಿನಲ್ಲಿ ಪ್ರವಾಸ ಮಾಡುತ್ತಿದ್ದಾಗ ಸಾಲುಗಳು ಹೊಳೆದವು, ಬರೆಯಲು ಕಾಗದವಿರಲಿಲ್ಲ. ವ್ಯಾಗನರ್ ಅವರ ಮಿರುಗುವ ಕಲ್ಲು ಕೂರಿಸಿದ ವೇದಿಕೆಯ ಸೂಟುಗಳಿಗೆ ಅಂಟಿಸಿದ್ದ ಡ್ರೈಕ್ಲೀನಿಂಗ್ ಚೀಟಿಯನ್ನು ಎಳೆದು ಅದರ ಹಿಂಬದಿಯಲ್ಲಿ ಡಾಲಿ ಬರೆದುಕೊಂಡರು. ಹಾಡು ಗೆದ್ದ ಮೇಲೆ ವ್ಯಾಗನರ್ ಆ ಚೀಟಿಗೆ ಚೌಕಟ್ಟು ಹಾಕಿಸಿದರು. ಚಿಂದಿಯ ಕೋಟಿನ ಹಾಡು ಅಷ್ಟು ದುಬಾರಿ ಬಟ್ಟೆಯ ಚೀಟಿಯ ಮೇಲೆ ಹುಟ್ಟಿತೆನ್ನುವುದು ನನಗೆ ಪ್ರತಿ ಸಲವೂ ಮುಟ್ಟುತ್ತದೆ.

ಒಂದು ಎಚ್ಚರಿಕೆ. ಕೊನೆಯ ಭಾಗದಲ್ಲಿ, ತಾವೇ ಆರಿಸಿಕೊಂಡರೆ ಮಾತ್ರ ಮನುಷ್ಯರು ಬಡವರು ಎಂಬ ಅರ್ಥದ ಸಾಲೊಂದು ಬರುತ್ತದೆ. ಈ ಸಾಲಿನಿಂದಾಗಿ ಹಾಡನ್ನೇ ಬದಿಗಿಟ್ಟ ಓದುಗರನ್ನು ನಾನು ಬಲ್ಲೆ. ಸಮಾಜದ ಬಗೆಗಿನ ಹೇಳಿಕೆಯೆಂದು ತೆಗೆದುಕೊಂಡರೆ ಅದು ಸರಿಯಲ್ಲ, ಬಡತನವನ್ನು ಯಾರೂ ಆರಿಸಿಕೊಳ್ಳುವುದಿಲ್ಲ. ಆದರೆ ಹಾಡಿನಲ್ಲಿ ಆ ಮಾತು ಬರುವುದು ನಗುವವರ ನಡುವೆ ಒಂಟಿಯಾಗಿ ನಿಂತ ಮಗು ಅವರಿಗೆ ತಿಳಿಸಿ ಹೇಳಲು ಪ್ರಯತ್ನಿಸುವ ಜಾಗದಲ್ಲಿ. ಅವಮಾನದ ಎದುರು ಅವಳಿಗೆ ಸಿಕ್ಕ ಒಂದೇ ಆಸರೆ ಅದು. ಮುಂದಿನ ಸಾಲಿನಲ್ಲೇ, ನಮ್ಮ ಹತ್ತಿರ ದುಡ್ಡಿರಲಿಲ್ಲ ಎಂಬುದನ್ನು ಹಾಡು ಒಪ್ಪಿಕೊಳ್ಳುತ್ತದೆ. ಡಾಲಿಗೆ ಬಡತನದ ಬಗ್ಗೆ ಭ್ರಮೆಯಿರಲಿಲ್ಲ ಎಂಬುದಕ್ಕೆ ಇದಕ್ಕೂ ಮೊದಲೇ ಅವರು ಬರೆದಿದ್ದ 'ಇನ್ ದ ಗುಡ್ ಓಲ್ಡ್ ಡೇಸ್' ಹಾಡು ಸಾಕ್ಷಿ: ಆ ದಿನಗಳ ನೆನಪನ್ನು ಎಷ್ಟು ಹಣಕ್ಕೂ ಮಾರುವುದಿಲ್ಲ, ಎಷ್ಟು ಹಣ ಕೊಟ್ಟರೂ ಆ ದಿನಗಳನ್ನು ಮತ್ತೆ ಬದುಕುವುದಿಲ್ಲ ಎನ್ನುತ್ತದೆ ಅದು. ಎರಡು ಹಾಡುಗಳನ್ನೂ ಒಂದಾದ ಮೇಲೊಂದು ಕೇಳಿ.

ಹಂತ 5: ಉಳಿದ ಒಂಬತ್ತು ಹಾಡುಗಳಲ್ಲಿ ಮಾತಾಡುವವರನ್ನು ಹುಡುಕಿ

ಶೀರ್ಷಿಕೆ ಗೀತೆ ಆತ್ಮಕಥೆಯಾದ್ದರಿಂದ ಮುಂದಿನವೂ ಆತ್ಮಕಥೆಯೇ ಎಂದು ಭಾವಿಸುವುದು ಎರಡನೆಯ ದೊಡ್ಡ ತಪ್ಪು. 'ನಾನು' ಎಂದು ಹಾಡುವವಳು ಇಲ್ಲಿ ಪ್ರತಿ ಹಾಡಿನಲ್ಲೂ ಬೇರೆ ಪಾತ್ರ. ಹಂತ 3ರಲ್ಲಿ ಹಾಕಿಕೊಂಡ ಗುರುತುಗಳನ್ನು ತೆರೆದು, ಈಗ ಸಾಹಿತ್ಯದೊಂದಿಗೆ ಹೋಲಿಸಿ.

ಎರಡನೆಯ ಹಾಡು 'ಟ್ರಾವೆಲಿಂಗ್ ಮ್ಯಾನ್' ಅನ್ನು ನೋಡಿ. ಊರೂರು ತಿರುಗಿ ವ್ಯಾಪಾರ ಮಾಡುವ ಗಂಡಸಿನ ಮೇಲೆ ಹುಡುಗಿಗೆ ಮನಸ್ಸು. ಅಮ್ಮನಿಗೆ ಅವನನ್ನು ಕಂಡರಾಗದು. ಹುಡುಗಿ ಕದ್ದುಮುಚ್ಚಿ ಅವನೊಡನೆ ಓಡಿಹೋಗಲು ಸಿದ್ಧಳಾಗುತ್ತಾಳೆ. ಕೊನೆಯಲ್ಲಿ ಅವನು ಓಡಿಹೋಗುವುದು ಅವಳ ಅಮ್ಮನ ಜೊತೆಗೆ. ಅಮ್ಮನ ಪ್ರೀತಿಯನ್ನು ಹಾಡಿದ ಮರುಗಳಿಗೆಯೇ ಇಂಥ ಅಮ್ಮನ ಹಾಡನ್ನು ಇಟ್ಟಿರುವ ಧೈರ್ಯವನ್ನು ಗಮನಿಸಿ. ಶಫಲ್ ಬೇಡವೆಂದದ್ದು ಇಂಥ ಜೋಡಣೆಗಳಿಗಾಗಿ. ವಿಷಯ ಕೇಳುಗನಿಗೆ ತಿಳಿಯುವುದು ತೀರಾ ಕೊನೆಯಲ್ಲಾದರೂ ಎರಡನೆಯ ಸಲ ಕೇಳುವಾಗ ಅಮ್ಮನ ಆ ವಿರೋಧಕ್ಕೆ ಬೇರೆಯೇ ಅರ್ಥ ಬರುತ್ತದೆ.

'ಮೈ ಬ್ಲೂ ಟಿಯರ್ಸ್' ಅದಕ್ಕೆ ವಿರುದ್ಧ ದಿಕ್ಕಿನದು. ಕಥೆಯಿಲ್ಲ, ತಿರುವಿಲ್ಲ. ಪ್ರೀತಿಸಿದವನು ಬಿಟ್ಟುಹೋಗಿದ್ದಾನೆ, ಅವಳು ಕಿಟಕಿಗೆ ಬಂದ ಹಕ್ಕಿಗೆ ಹಾರಿಹೋಗು ಎನ್ನುತ್ತಾಳೆ, ಬಿಸಿಲಿಗೆ ಬೇರೆಲ್ಲಾದರೂ ಬೀಳು ಎನ್ನುತ್ತಾಳೆ. ಮನುಷ್ಯರ ಹತ್ತಿರ ಮಾತಾಡುವ ಶಕ್ತಿಯಿಲ್ಲದವಳು ಹಕ್ಕಿಯ ಹತ್ತಿರ, ಬೆಳಕಿನ ಹತ್ತಿರ ಮಾತಾಡುತ್ತಾಳೆ. ನಮ್ಮ ಜನಪದ ಗೀತೆಗಳ ಬಳಕೆಯಿರುವ ಓದುಗರಿಗೆ ಈ ಹಾಡಿನೊಳಗೆ ಹೋಗುವುದು ಎಲ್ಲಕ್ಕಿಂತ ಸುಲಭ. ಶೀರ್ಷಿಕೆ ಗೀತೆ ಬಿಟ್ಟರೆ ಈ ಆಲ್ಬಮ್ಮಿನಲ್ಲಿ ನಾನು ಮೊದಲು ತೋರಿಸುವುದು ಇದನ್ನೇ.

ನಾಲ್ಕನೆಯದಾದ 'ಇಫ್ ಐ ಲೂಸ್ ಮೈ ಮೈಂಡ್' ವ್ಯಾಗನರ್ ಬರೆದದ್ದು, ಮತ್ತು ಕೇಳಲು ಕಷ್ಟವಾದದ್ದು. ಗಂಡನ ಮನೆಯಲ್ಲಿ ವಿಕೃತ ಹಿಂಸೆ ಅನುಭವಿಸಿದವಳು ತವರಿಗೆ ಬಂದು, ಅಮ್ಮನ ಮಡಿಲಲ್ಲಿ ತಲೆಯಿಟ್ಟು, ನನಗೆ ಹುಚ್ಚು ಹಿಡಿಯುವುದಾದರೆ ಇಲ್ಲೇ ಹಿಡಿಯಲಿ ಎನ್ನುತ್ತಾಳೆ. 1971ರ ಕಂಟ್ರಿ ಆಲ್ಬಮ್ಮಿನಲ್ಲಿ ಇಷ್ಟು ನೇರವಾದ ಮಾತು ಇದೆಯೆಂದು ಎಷ್ಟೋ ಜನ ಎರಡನೆಯ ಸಲ ಕೇಳುವಾಗಲೇ ಗಮನಿಸುತ್ತಾರೆ. ವ್ಯಾಗನರ್ ಅವರ ಇನ್ನೆರಡು ಹಾಡುಗಳಾದ 'ದ ಮಿಸ್ಟರಿ ಆಫ್ ದ ಮಿಸ್ಟರಿ' ಹಾಗೂ 'ದ ವೇ ಐ ಸೀ ಯೂ' ನನ್ನ ಲೆಕ್ಕದಲ್ಲಿ ಈ ಆಲ್ಬಮ್ಮಿನ ದುರ್ಬಲ ಜಾಗಗಳು: ಒಂದರಲ್ಲಿ ದೊಡ್ಡ ಪ್ರಶ್ನೆಗಳಿವೆ, ಕಣ್ಣಿಗೆ ಕಟ್ಟುವ ಒಂದು ವಸ್ತುವೂ ಇಲ್ಲ; ಇನ್ನೊಂದು ಯಾರ ಬಾಯಲ್ಲಾದರೂ ಹೊಂದುವ ಪ್ರೇಮಗೀತೆ. ಇವನ್ನು ಬಿಟ್ಟು ಮುಂದೆ ಹೋಗಬೇಡಿ. ಪೆಟ್ಟಿಗೆ, ಚಿಂದಿ, ಹೊಲಿಗೆ, ಕಿಟಕಿಯ ಹಕ್ಕಿ ಎಂದು ಕಾಣುವ ವಸ್ತುಗಳ ಮೂಲಕವೇ ಮಾತಾಡುವ ಡಾಲಿಯ ಬರವಣಿಗೆ ಎಷ್ಟು ಬೇರೆಯೆಂಬುದು ಇವುಗಳ ಪಕ್ಕದಲ್ಲಿ ಸ್ಪಷ್ಟವಾಗುತ್ತದೆ.

ಎರಡನೆಯ ಬದಿಯ ಮೊದಲ ಹಾಡು 'ಶಿ ನೆವರ್ ಮೆಟ್ ಎ ಮ್ಯಾನ್'. ಬೇರೊಬ್ಬಳ ಹಿಂದೆ ಹೊರಟಿರುವ ಗಂಡಸಿಗೆ ಬಿಟ್ಟುಹೋಗಲ್ಪಡುತ್ತಿರುವವಳು ಹೇಳುವ ಎಚ್ಚರಿಕೆಯ ಮಾತು ಅದು. ದೂರು ಆ ಇನ್ನೊಬ್ಬಳ ಮೇಲಿದ್ದರೂ ಹಾಡು ಪೂರ್ತಿ ನಡೆಯುವುದು ಅವನ ಎದುರಿನಲ್ಲಿ. 'ಅರ್ಲಿ ಮಾರ್ನಿಂಗ್ ಬ್ರೀಜ್' ಮುಂಜಾನೆಯ ಹುಲ್ಲುಗಾವಲಿನ ನಡಿಗೆ, ಅದರ ಕೊನೆಯಲ್ಲೊಂದು ಪ್ರಾರ್ಥನೆ. 'ಹಿಯರ್ ಐ ಆ್ಯಮ್' ಚರ್ಚಿನ ಸಾಮೂಹಿಕ ಗಾಯನದ ಉತ್ಸಾಹವನ್ನು ಪ್ರೇಮಕ್ಕೆ ತಂದುಕೊಂಡ ಹಾಡು. 'ಎ ಬೆಟರ್ ಪ್ಲೇಸ್ ಟು ಲಿವ್' ಎಲ್ಲರೂ ಕೂಡಿ ಬಾಳೋಣ ಎನ್ನುವ ಮುಕ್ತಾಯ. ಅದರ ಬಗ್ಗೆ ಹೆಚ್ಚಿಗೆ ಹೇಳುವುದೇನಿಲ್ಲ.

ಹಂತ 6: ವಾದ್ಯ ಮತ್ತು ಕಂಠದ ಕಡೆ ತಿರುಗಿ

ಮಾತು ಮನಸ್ಸಿಗೆ ಬಂದ ಮೇಲೆ ಸಾಹಿತ್ಯದ ಹಾಳೆ ಮುಚ್ಚಿ ಇನ್ನೊಮ್ಮೆ ಕೇಳಿ. ಶೀರ್ಷಿಕೆ ಗೀತೆ ಅಕೌಸ್ಟಿಕ್ ಗಿಟಾರಿನ ಮೇಲೆ ನಿಂತಿದೆ, ಅಂದರೆ ವಿದ್ಯುತ್ತಿನ ಸಹಾಯವಿಲ್ಲದ ಮರದ ಗಿಟಾರ್. ತಂತಿಗಳನ್ನು ಒಟ್ಟಿಗೆ ಮೀಟದೆ ಒಂದೊಂದನ್ನೇ ಬೆರಳಿನಿಂದ ಎತ್ತಿ ನುಡಿಸುವ ಈ ಕ್ರಮಕ್ಕೆ ಫಿಂಗರ್‌ಪಿಕಿಂಗ್ ಎನ್ನುತ್ತಾರೆ. ಹಿಂಬದಿಯ ಕಂಠಗಳು ಬಂದರೂ ಮುಂದೆ ಬರುವುದಿಲ್ಲ. ಒಂದು ಪದವೂ ವಾದ್ಯದಡಿ ಮುಚ್ಚಿಹೋಗಬಾರದೆಂಬ ಎಚ್ಚರ ಅಲ್ಲಿದೆ.

ಕಂಟ್ರಿ ಹಾಡುಗಳಲ್ಲಿ ಅಳುವಂತೆ ಜಾರುವ ನಾದವೊಂದು ಕೇಳುತ್ತದೆ. ಅದು ಸ್ಟೀಲ್ ಗಿಟಾರ್, ಹಳೆಯ ಚಿತ್ರಗೀತೆಗಳಲ್ಲಿ ನಾವು ಕೇಳಿರುವ ಹವಾಯಿಯನ್ ಗಿಟಾರಿನ ಬಂಧು: ಅಡ್ಡಲಾಗಿ ಮಲಗಿಸಿ, ತಂತಿಗಳ ಮೇಲೆ ಲೋಹದ ತುಂಡನ್ನು ಜಾರಿಸಿ ನುಡಿಸುತ್ತಾರೆ. ಹಾರ್ಮನಿ ಎಂಬ ಪದವೂ ಪದೇ ಪದೇ ಎದುರಾಗುತ್ತದೆ: ಮುಖ್ಯ ಗಾಯಕಿ ಹಾಡುವ ಸ್ವರಕ್ಕೆ ಹೊಂದುವ ಬೇರೊಂದು ಸ್ವರದಲ್ಲಿ ಅದೇ ಮಾತನ್ನು ಅದೇ ಹೊತ್ತಿಗೆ ಇನ್ನೊಬ್ಬರು ಹಾಡುವುದು. 'ಮೈ ಬ್ಲೂ ಟಿಯರ್ಸ್'ನಲ್ಲಿ ಇದನ್ನು ಗುರುತಿಸುವ ಅಭ್ಯಾಸ ಮಾಡಿ, ಅಲ್ಲಿ ವಾದ್ಯ ಕಡಿಮೆಯಿದೆ.

ಶಾಸ್ತ್ರೀಯ ಸಂಗೀತ ಕೇಳಿ ಬೆಳೆದವರು ಗಮಕವನ್ನು ಹುಡುಕಿ ನಿರಾಶರಾಗುವುದುಂಟು. ಡಾಲಿಯ ಕಂಠದಲ್ಲಿ ನೋಡಬೇಕಾದದ್ದು ಬೇರೆ: ಹಿಡಿದ ಸ್ವರ ಸಣ್ಣಗೆ, ವೇಗವಾಗಿ ಕಂಪಿಸುವ ವೈಬ್ರಾಟೊ, ಮತ್ತು ಸಾಲಿನ ಕೊನೆಯ ಪದವನ್ನು ಅವರು ಎಳೆಯುತ್ತಾರೋ ತಟ್ಟನೆ ಬಿಡುತ್ತಾರೋ ಎಂಬುದು. 'ಟ್ರಾವೆಲಿಂಗ್ ಮ್ಯಾನ್'ನ ದನಿಗೂ 'ಇಫ್ ಐ ಲೂಸ್ ಮೈ ಮೈಂಡ್'ನ ದನಿಗೂ ಇರುವ ವಯಸ್ಸಿನ ಅಂತರವನ್ನು ಕೇಳಿ, ಇಬ್ಬರು ಬೇರೆ ಹೆಂಗಸರು ಹಾಡಿದಂತಿದೆ.

ಹಂತ 7: ಬೇರೆ ಮುದ್ರಣಗಳೊಂದಿಗೆ ಹೋಲಿಸಿ

ಈ ಹಂತ ಕಡ್ಡಾಯವಲ್ಲ, ಆದರೆ ಇಷ್ಟು ಸುಲಭವಾಗಿ ಇಷ್ಟೊಂದು ಕಲಿಸುವ ಹಂತ ಬೇರೆಯಿಲ್ಲ. ಒಂದು ಸಲಕ್ಕೆ ಒಂದೇ ಹಾಡಿನ ಎರಡು ಮುದ್ರಣಗಳನ್ನು ಕೇಳಿ. ಒಂದೇ ಕೂರಿಕೆಯಲ್ಲಿ ಎಲ್ಲವನ್ನೂ ಮುಗಿಸಲು ಹೋದರೆ ಕಿವಿ ದಣಿಯುತ್ತದೆ.

'ಅರ್ಲಿ ಮಾರ್ನಿಂಗ್ ಬ್ರೀಜ್' ಅನ್ನು ಡಾಲಿ 1974ರ 'ಜೋಲೀನ್' ಆಲ್ಬಮ್ಮಿಗೆ ಮತ್ತೆ ಹಾಡಿದರು, ಅಲ್ಲಿ ಲಯ ಮುಂದೆ ಬಂದು ಮಾತು ಅದರೊಳಗೆ ಸೇರಿಕೊಳ್ಳುತ್ತದೆ. 'ಟ್ರಾವೆಲಿಂಗ್ ಮ್ಯಾನ್' 1973ರ 'ಬಬ್ಲಿಂಗ್ ಓವರ್' ಆಲ್ಬಮ್ಮಿನಲ್ಲಿ ಮತ್ತೆ ಬರುತ್ತದೆ. 'ಹಿಯರ್ ಐ ಆ್ಯಮ್' ಅನ್ನು 2018ರಲ್ಲಿ 'ಡಂಪ್ಲಿನ್' ಚಿತ್ರಕ್ಕಾಗಿ ಗಾಯಕಿ ಸಿಯಾ ಅವರೊಡನೆ ಹಾಡಿದ್ದಾರೆ. 1971ರ ಮುದ್ರಣಕ್ಕೂ ಅದಕ್ಕೂ ನಡುವೆ ನಾಲ್ಕು ದಶಕಕ್ಕೂ ಹೆಚ್ಚಿನ ಅಂತರ, ಹಾಡು ಮಾತ್ರ ಬಳಲಿಲ್ಲ. 'ಮೈ ಬ್ಲೂ ಟಿಯರ್ಸ್' ಲಿಂಡಾ ರಾನ್‌ಸ್ಟ್ಯಾಟ್ ಅವರ 1982ರ 'ಗೆಟ್ ಕ್ಲೋಸರ್' ಆಲ್ಬಮ್ಮಿನಲ್ಲಿದೆ, ಡಾಲಿ ಮತ್ತು ಎಮಿಲೂ ಹ್ಯಾರಿಸ್ ಜೊತೆಗೂಡಿದ್ದಾರೆ. ಹಾರ್ಮನಿ ಎಂದರೇನೆಂದು ಇದಕ್ಕಿಂತ ಚೆನ್ನಾಗಿ ತೋರಿಸುವ ಮುದ್ರಣ ನನಗೆ ತಿಳಿದಿಲ್ಲ. ಇದನ್ನು ಹಂತ 1ರಲ್ಲಿ ಹೇಳಿದ ಡೆಮೊ ಜೊತೆಗೂ ಹೋಲಿಸಬಹುದು.

ಎಮಿಲೂ ಹ್ಯಾರಿಸ್ 1975ರ 'ಪೀಸಸ್ ಆಫ್ ದ ಸ್ಕೈ' ಆಲ್ಬಮ್ಮಿನಲ್ಲಿ 'ಕೋಟ್ ಆಫ್ ಮೆನಿ ಕಲರ್ಸ್' ಹಾಡನ್ನು ಹಾಡಿದ್ದಾರೆ. ಬೇರೆಯವರು ಬರೆದ ಹಾಡನ್ನು ತಮ್ಮ ರೀತಿಯಲ್ಲಿ ಹಾಡುವುದಕ್ಕೆ ಕವರ್ ಎನ್ನುತ್ತಾರೆ. ಎಮಿಲೂ ಅವರ ಕಂಠ ತುಂಬ ಚೆಲುವಾದದ್ದು. ಆದರೂ ಅಲ್ಲಿ ಒಬ್ಬ ಹುಡುಗಿಯ ಕಥೆಯನ್ನು ಕೇಳುತ್ತೇವೆ, ಡಾಲಿ ಹಾಡಿದಾಗ ಆ ಹುಡುಗಿಯೇ ಮಾತಾಡುವುದನ್ನು ಕೇಳುತ್ತೇವೆ. ನಿಮಗೂ ಹಾಗೆಯೇ ಅನ್ನಿಸಬೇಕೆಂದಿಲ್ಲ. ಅನ್ನಿಸದಿದ್ದರೆ ಯಾವ ಸಾಲಿನಲ್ಲಿ ಎಂದು ಗುರುತು ಮಾಡಿಕೊಳ್ಳಿ.

ಪ್ರಶಸ್ತಿ, ಪಟ್ಟಿಗಳ ವಿಷಯವನ್ನು ಬೇಕೆಂದೇ ಇಲ್ಲಿಯವರೆಗೆ ತರಲಿಲ್ಲ. ಬಿಲ್‌ಬೋರ್ಡ್ ಪತ್ರಿಕೆಯ ಕಂಟ್ರಿ ಪಟ್ಟಿಗಳಲ್ಲಿ ಶೀರ್ಷಿಕೆ ಗೀತೆ 4ನೆಯ ಸ್ಥಾನಕ್ಕೂ ಆಲ್ಬಂ 7ನೆಯ ಸ್ಥಾನಕ್ಕೂ ಏರಿದ್ದವು. ಶೀರ್ಷಿಕೆ ಗೀತೆಯನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣಗಳ ದಾಖಲೆಗೆ 2011ರ ಪಟ್ಟಿಯಲ್ಲಿ ಸೇರಿಸಿತು.

ಹಂತ 8: ಮುಂದೆ ಯಾವುದನ್ನು ಕೇಳಬೇಕು

ನೇರವಾಗಿ 'ಜೋಲೀನ್' ಆಲ್ಬಮ್ಮಿಗೆ ಹಾರುವ ಮುನ್ನ 1973ರ 'ಮೈ ಟೆನೆಸ್ಸಿ ಮೌಂಟನ್ ಹೋಮ್' ಕೇಳಿ. 'ಕೋಟ್ ಆಫ್ ಮೆನಿ ಕಲರ್ಸ್' ಹಾಡಿನಲ್ಲಿ ಮೂರು ನಿಮಿಷಕ್ಕೆ ತೆರೆದು ಮುಚ್ಚಿದ ಆ ಮನೆಗೆ ಒಂದಿಡೀ ಆಲ್ಬಂ ಮೀಸಲಾಗಿರುವುದು ಅಲ್ಲಿ. ಆರಂಭದಲ್ಲಿ, 1964ರಲ್ಲಿ ನ್ಯಾಶ್ವಿಲ್ ಸೇರಿದಾಗ ಮನೆಗೆ ಬರೆದ ಪತ್ರವನ್ನು ಡಾಲಿ ಓದುತ್ತಾರೆ. ತಾವು ಹುಟ್ಟಿದಾಗ ಹೆರಿಗೆ ಮಾಡಿಸಿದ, ಕೂಲಿಯಾಗಿ ಒಂದು ಚೀಲ ಮೆಕ್ಕೆಜೋಳದ ಹಿಟ್ಟು ಪಡೆದ ಹಳ್ಳಿಯ ವೈದ್ಯರ ಮೇಲಿನ ಹಾಡೂ, ನಾಲ್ಕನೆಯ ಹಂತದಲ್ಲಿ ಹೇಳಿದ 'ಇನ್ ದ ಗುಡ್ ಓಲ್ಡ್ ಡೇಸ್' ಹಾಡಿನ ಮರುಮುದ್ರಣವೂ ಅದರಲ್ಲೇ ಇವೆ. ನಂತರ ಲೊರೆಟ್ಟಾ ಲಿನ್ ಅವರ 1970ರ 'ಕೋಲ್ ಮೈನರ್ಸ್ ಡಾಟರ್' ಹಾಡಿಗೆ ಬನ್ನಿ. ಕೆಂಟಕಿಯ ಗಣಿ ಕಾರ್ಮಿಕನ ಮಗಳು ತನ್ನ ಬಾಲ್ಯವನ್ನು ತಾನೇ ಬರೆದು ಹಾಡಿದ ಹಾಡು ಅದು, ಕಾಲವೂ ಬಡತನವೂ ಡಾಲಿಯ ಹಾಡಿಗೆ ತೀರ ಹತ್ತಿರ. ಲೊರೆಟ್ಟಾ ಮನೆಯ ದಿನಚರಿಯನ್ನು ಒಂದೊಂದಾಗಿ ಹೇಳುತ್ತಾ ಹೋಗುತ್ತಾರೆ, ಡಾಲಿ ಒಂದು ಕೋಟನ್ನು ಮಾತ್ರ ಹಿಡಿದು ನಿಲ್ಲುತ್ತಾರೆ. ಎರಡನ್ನೂ ಅದೇ ಮೂರು ಪ್ರಶ್ನೆಗಳನ್ನಿಟ್ಟುಕೊಂಡು ಕೇಳಿ.